ಜಾಯಿಂಟ್ ವೀಲು, ಮಿಕ್ಕಿ ಮೌಸು ಮತ್ತು ಅತ್ತೆಯ ತೆಂಗಿನ ತೋಟ

ಮೊನ್ನೆ ಹೊಳೆನರಸೀಪುರಕ್ಕೆ ಹೋಗಿದ್ದೆ. ಕೈಕಾಲು ತೊಳೆದು ಕೂತಿದ್ದೇ ತಡ, ಮಾವನ ಮಗ ಬಣ್ಣಬಣ್ಣದ ಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟ. "ಭಾವ, ನೀವೊಂದ್ಸಲ ಓದಿ ನೋಡಿ. ಹಾಸನದ ಬಿ.ಎಂ. ರೋಡಲ್ಲಿ ಮಕ್ಕಳ ಆಟದ ಪಾರ್ಕು ಹಾಕೋಣ ಅಂತಿದೀನಿ. ಫ್ರಾಂಚೈಸಿ ಕೊಡ್ತಾರಂತೆ. ಟಿವಿಯಲ್ಲಿ ಬರೋ ಗೊಂಬೆಗಳ ಹೆಸರು, ಚಿತ್ರ ಎಲ್ಲಾ ಅವರದೇ. ಹೆಸರಿದ್ರೆ ಜನ ತಾನಾಗೇ ಬರ್ತಾರೆ" ಅಂದ.

ಪುಸ್ತಕ ಚೆನ್ನಾಗಿತ್ತು. ಕೊನೆಯ ಪುಟದ ಲೆಕ್ಕ ಮಾತ್ರ ಚೆನ್ನಾಗಿರಲಿಲ್ಲ. ಬ್ಯಾಂಕಿನಿಂದ 45 ಲಕ್ಷ ಸಾಲ ತೆಗೆಯಬೇಕು. ಅದಕ್ಕೆ ಆಧಾರವಾಗಿ ಅತ್ತೆಗೆ ತವರಿನಿಂದ ಬಂದ ಚನ್ನರಾಯಪಟ್ಟಣದ ಕಡೆಯ ಎರಡು ಎಕರೆ ತೆಂಗಿನ ತೋಟ ಇಡಬೇಕು. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮಾತಾಡಲಿಲ್ಲ. ಆಮೇಲೆ ಕಾಫಿ ಕೊಡುವಾಗ ಒಂದೇ ಒಂದು ಪ್ರಶ್ನೆ ಕೇಳಿದರು: "ಮೊದಲನೇ ವರ್ಷ ಬರ್ತಾರೆ, ಸರಿ. ಎರಡನೇ ವರ್ಷ ಎಷ್ಟು ಜನ ಬರ್ತಾರಂತೆ?"

ಇವನಲ್ಲಿ ಉತ್ತರ ಇರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಆ ಪ್ರಶ್ನೆ ತಲೆಯಲ್ಲಿ ಕೂತಿದ್ದರಿಂದ ಒಂದು ತಿಂಗಳು ಸಿಕ್ಕಿದ್ದೆಲ್ಲ ಓದಿದೆ. ಓದಿದ್ದನ್ನು ಅವನಿಗೆ ಹೇಳಿದ ಹಾಗೂ ಆಯಿತು, ನಿಮಗೆ ಹೇಳಿದ ಹಾಗೂ ಆಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಮೊದಲು ನಮ್ಮ ಮಾವನ ಕಥೆ. ಯಾಕೆಂದರೆ ನಮ್ಮ ಮನೆಯಲ್ಲಿ ಈ ಪ್ರಯೋಗ ಒಮ್ಮೆ ಆಗಿಹೋಗಿದೆ!

ಮಾವನದು ಜಾತ್ರೆ ವ್ಯಾಪಾರ. ಗೆಳೆಯರೊಬ್ಬರ ಜೊತೆ ಪಾಲಿನಲ್ಲಿ ಒಂದು ಸಣ್ಣ ಜಾಯಿಂಟ್ ವೀಲು, ಒಂದು ಮರದ ಕುದುರೆಗಳ ತಿರುಗಣೆ ಇಟ್ಟುಕೊಂಡಿದ್ದರು. (ಜೈಂಟ್ ವೀಲು ಅಂತ ಹೇಳಿಕೊಟ್ಟರೂ ನಮ್ಮ ಕಡೆ ಅದು ಜಾಯಿಂಟ್ ವೀಲೇ. ಬೋಲ್ಟು ಹಾಕಿ ಜಾಯಿಂಟ್ ಮಾಡ್ತಾರಲ್ಲ, ಅದಕ್ಕೇ ಆ ಹೆಸರು ಅಂತ ಮಾವನ ವಾದ.) ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಷಷ್ಠಿ ಜಾತ್ರೆ, ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆ, ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹಸ್ವಾಮಿ ತೇರು, ಹೀಗೆ ವರ್ಷದ ಸುತ್ತು. ರಜೆಯಲ್ಲಿ ನಾನೂ ಹೋಗಿ ಟಿಕೆಟು ಹರಿದಿದ್ದೇನೆ.

ಇಪ್ಪತ್ತು ವರ್ಷದ ಹಿಂದೆ ಇರಬೇಕು, ಮಾವ ಸಾಲ ಮಾಡಿ ಗಾಳಿ ತುಂಬಿಸುವ ದೊಡ್ಡ ರಬ್ಬರು ಗುಡಾರ ತಂದರು. ಮಕ್ಕಳು ಒಳಗೆ ಹೋಗಿ ಕುಣಿಯೋದು, ಜಾರೋದು. ಅದರ ಮೇಲೆ ಮಿಕ್ಕಿ ಮೌಸ್ ತಲೆ. ಅದಕ್ಕೆ ಹೊಂದಲಿ ಅಂತ ತಿರುಗಣೆಯ ತಗಡಿಗೂ ಸಿನಿಮಾ ಬೋರ್ಡು ಬರೆಯುವವರ ಕೈಯಲ್ಲಿ ಮಿಕ್ಕಿ ಬರೆಸಿದರು. ಕಿವಿ ದೊಡ್ಡದಾಗಿ, ಮೂತಿ ಚೂಪಾಗಿ ಥೇಟ್ ಹೆಗ್ಗಣ. ಮಕ್ಕಳಿಗೇನೂ ಬೇಜಾರಾಗಲಿಲ್ಲ. ಆ ವರ್ಷ ರಾಮನಾಥಪುರದಲ್ಲಿ ಸಾಲು ಕಾವೇರಿ ಕಡೆಗೆ ತಿರುಗಿತ್ತು. ಹತ್ತು ರೂಪಾಯಿ ಟಿಕೆಟು, ಹತ್ತು ನಿಮಿಷ ಕುಣಿತ. ಮುಂದಿನ ವರ್ಷ ಅದೇ ಜಾತ್ರೆಗೆ ಇನ್ನೂ ಮೂರು ಮಿಕ್ಕಿ ಮೌಸ್ ಬಂದವು. ಟಿಕೆಟು ಐದು ರೂಪಾಯಿಗೆ ಇಳಿಯಿತು. ಮೂರನೇ ವರ್ಷ ರಬ್ಬರಿಗೆ ತೂತು ಬಿದ್ದು ತೇಪೆ ಹಾಕಿಸುವುದೇ ಕೆಲಸವಾಯಿತು. ಹಳೇ ಮರದ ಕುದುರೆ ಮಾತ್ರ ಯಾವತ್ತಿನ ಹಾಗೆ ತಿರುಗುತ್ತಲೇ ಇತ್ತು.

ಇಲ್ಲೊಂದು ತಮಾಷೆ ಇದೆ. ಇವತ್ತಿಗೂ ಮದುವೆ, ಹುಟ್ಟುಹಬ್ಬಕ್ಕೆ ಆ ಗಾಳಿ ಗುಡಾರ ಬಾಡಿಗೆಗೆ ಕೊಡುವವರು ಅದಕ್ಕೆ 'ಮಿಕ್ಕಿ ಮೌಸ್' ಅಂತಲೇ ಹೇಳುವುದು. ಮೇಲೆ ಛೋಟಾ ಭೀಮ್ ಇದ್ದರೂ ಅದು ಮಿಕ್ಕಿ ಮೌಸೇ. ಹೆಸರು ಎಲ್ಲರ ಬಾಯಿಗೂ ಬಂತು, ಆದರೆ ಯಾರೊಬ್ಬರ ಸ್ವತ್ತಾಗಿಯೂ ಉಳಿಯಲಿಲ್ಲ.

ಇದು ನಮ್ಮ ಜಾತ್ರೆಯಲ್ಲೇ ಮೊದಲು ಆದದ್ದಲ್ಲ. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ 1903ರಲ್ಲಿ 'ಲೂನಾ ಪಾರ್ಕ್' ಶುರುವಾಯಿತು. ಲಕ್ಷಾಂತರ ಕರೆಂಟು ದೀಪಗಳ ಆ ಪಾರ್ಕು ದೊಡ್ಡ ಹೆಸರು ಮಾಡಿದ್ದೇ ತಡ, ಫ್ರೆಡರಿಕ್ ಇಂಗರ್‌ಸಾಲ್ ಎಂಬಾತ ಅದೇ ಹೆಸರಿಟ್ಟು 1905ರಲ್ಲಿ ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್‌ಗಳಲ್ಲಿ ಪಾರ್ಕು ಕಟ್ಟಿದ. ಆಮೇಲೆ ಊರೂರಿಗೆ ಲೂನಾ ಪಾರ್ಕು. ಜಗತ್ತಿನ ಮೊದಲ ಪಾರ್ಕು ಸರಪಳಿ ಅದೇ ಅನ್ನುತ್ತಾರೆ. ಅವನು ಸಾಲದಲ್ಲಿ ಮುಳುಗಿ ದಿವಾಳಿಯಾದ. ಆದರೆ ಹೆಸರು ಎಷ್ಟು ಹಬ್ಬಿತೆಂದರೆ ಇಟಲಿ, ಟರ್ಕಿ, ಪೋಲೆಂಡುಗಳಲ್ಲಿ ಈಗಲೂ ಆಟದ ಪಾರ್ಕಿಗೆಲ್ಲ 'ಲೂನಾ ಪಾರ್ಕ್' ಅನ್ನುವುದೇ ರೂಢಿ. ನಮ್ಮ ಮಿಕ್ಕಿ ಮೌಸ್ ಗುಡಾರದ ಹಾಗೆ!

ಹಾಗಾದರೆ ಹೆಸರಿಗೆ ಜನ ಬರುವುದಿಲ್ಲವೇ? ಬರುತ್ತಾರೆ. ಭರ್ಜರಿಯಾಗಿ ಬರುತ್ತಾರೆ. ಅದಕ್ಕೆ ದೊಡ್ಡ ಸಾಕ್ಷಿ ಹ್ಯಾರಿ ಪಾಟರ್. ಫ್ಲಾರಿಡಾದ ಒರ್ಲಾಂಡೊದಲ್ಲಿ ಯೂನಿವರ್ಸಲ್ ಕಂಪನಿಯ 'ಐಲ್ಯಾಂಡ್ಸ್ ಆಫ್ ಅಡ್ವೆಂಚರ್' ಪಾರ್ಕಿನಲ್ಲಿ 2010ರ ಜೂನ್‌ನಲ್ಲಿ ಹ್ಯಾರಿ ಪಾಟರ್ ಲೋಕ ತೆರೆದರು. ಅಮೆರಿಕದ ಟಿ.ಇ.ಎ. ಸಂಘದವರು ವರ್ಷವರ್ಷ ಮಾಡುವ ಅಂದಾಜಿನ ಪ್ರಕಾರ ಆ ಪಾರ್ಕಿಗೆ 2009ರಲ್ಲಿ ಬಂದವರು 46 ಲಕ್ಷ. 2010ರಲ್ಲಿ 59 ಲಕ್ಷ. 2011ರಲ್ಲಿ 76 ಲಕ್ಷ. ಗಮನಿಸಿ, ಎರಡನೇ ವರ್ಷ ಇಳಿಯಲಿಲ್ಲ, ಏರಿತು. ಅತ್ತೆಯ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸು.

ಆದರೆ ಅಲ್ಲಿ ಅವರು ಬರೀ ಹ್ಯಾರಿಯ ಚಿತ್ರ ಅಂಟಿಸಿ ಬಿಡಲಿಲ್ಲ. ಪುಸ್ತಕದಲ್ಲಿರುವ ಊರನ್ನೇ ಕಟ್ಟಿದರು. ಮಂತ್ರದಂಡ ಮಾರುವ ಅಂಗಡಿ, ಕಥೆಯಲ್ಲಿ ಕುಡಿಯುವ ಪಾನೀಯ, ಗುಡ್ಡದ ಮೇಲೆ ಹಾಗ್ವಾರ್ಟ್ಸ್ ಕೋಟೆ. ಓದಿದವರು ತಾವು ಓದಿದ್ದರೊಳಗೆ ಕಾಲಿಟ್ಟರು.

ಇದರ ತಿರುಗುಮುರುಗು ಉದಾಹರಣೆಯೂ ಇದೆ. 2017ರ ಮೇ ತಿಂಗಳಲ್ಲಿ ಡಿಸ್ನಿಯವರು ಒರ್ಲಾಂಡೊದ ಅನಿಮಲ್ ಕಿಂಗ್‌ಡಂ ಪಾರ್ಕಿನಲ್ಲಿ 'ಅವತಾರ್' ಸಿನಿಮಾದ ಪಂಡೋರಾ ಲೋಕ ತೆರೆದರು. ಸಿನಿಮಾ ಬಂದಿದ್ದು 2009ರಲ್ಲಿ. ಎಂಟು ವರ್ಷದಲ್ಲಿ ನಾಯಕನ ಹೆಸರು ಕೂಡ ಎಷ್ಟೋ ಜನಕ್ಕೆ ಮರೆತುಹೋಗಿತ್ತು. ಆದರೂ 2016ರಲ್ಲಿ ಸುಮಾರು 1 ಕೋಟಿ 8 ಲಕ್ಷ ಇದ್ದ ಜನ 2017ರಲ್ಲಿ 1 ಕೋಟಿ 25 ಲಕ್ಷ ಆದರು. ತೇಲುವ ಗುಡ್ಡಗಳು, ಹಕ್ಕಿಯ ಬೆನ್ನೇರಿ ಹಾರಿದಂತಾಗುವ ಆಟ ಅಷ್ಟು ಚೆನ್ನಾಗಿತ್ತು.

ಇನ್ನು 2019. ಸ್ಟಾರ್ ವಾರ್ಸ್‌ಗಿಂತ ದೊಡ್ಡ ಹೆಸರು ಬೇಕೇ? ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಮೇ 31ಕ್ಕೆ 'ಗ್ಯಾಲಕ್ಸೀಸ್ ಎಡ್ಜ್' ತೆರೆಯಿತು. ಎಲ್ಲರೂ ಜನಸಾಗರದ ನಿರೀಕ್ಷೆಯಲ್ಲಿದ್ದರು. ಆದರೆ ಆ ಮೂರು ತಿಂಗಳಲ್ಲಿ ಅಮೆರಿಕದ ಡಿಸ್ನಿ ಪಾರ್ಕುಗಳಿಗೆ ಬಂದವರ ಸಂಖ್ಯೆ ಶೇ. 3ರಷ್ಟು ಇಳಿಯಿತು! ವಿಪರೀತ ರಶ್ ಇರುತ್ತೆ ಅಂತ ಹೆದರಿ ಎಷ್ಟೋ ಜನ ಆಮೇಲೆ ನೋಡೋಣ ಅಂದುಕೊಂಡರು. ವರ್ಷದ ಪಾಸು ಇದ್ದವರಿಗೆ ಬೇಸಿಗೆಯ ದಿನಗಳಲ್ಲಿ ಕಡಿವಾಣ ಹಾಕಿದ್ದರು. ಮುಖ್ಯವಾದ ದೊಡ್ಡ ಆಟ ಅಲ್ಲಿ ಸಿದ್ಧವಾಗಿದ್ದು 2020ರ ಜನವರಿಗೆ. ತೇರು ಬರುವ ಮೊದಲೇ ಜಾತ್ರೆ ಡಂಗುರ ಹೊಡೆಸಿದ ಹಾಗೆ.

ಈಗ ದುಡ್ಡಿನ ಮಾತು. ಫ್ರಾಂಚೈಸಿ ಅಂದರೆ ಹೆಸರು ಒಬ್ಬರದು, ಬಂಡವಾಳ ಇನ್ನೊಬ್ಬರದು. ಇದರ ದೊಡ್ಡ ನಮೂನೆ ಟೋಕಿಯೋ ಡಿಸ್ನಿಲ್ಯಾಂಡ್, 1983ರ ಏಪ್ರಿಲ್ 15ಕ್ಕೆ ತೆರೆದದ್ದು. ಕಟ್ಟಿದ್ದು, ನಡೆಸುತ್ತಿರುವುದು 'ಓರಿಯೆಂಟಲ್ ಲ್ಯಾಂಡ್' ಎಂಬ ಜಪಾನಿ ಕಂಪನಿ. ಡಿಸ್ನಿಗೆ ಟಿಕೆಟ್ಟಿನಲ್ಲಿ, ಊಟ ಆಟಿಕೆಗಳ ಮಾರಾಟದಲ್ಲಿ ರಾಯಲ್ಟಿ. ಮೊದಲ ವರ್ಷವೇ ಹತ್ತಿರ ಹತ್ತಿರ 1 ಕೋಟಿ ಜನ ಬಂದರು. ಡಿಸ್ನಿಯವರಿಗೆ ಅಯ್ಯೋ ನಾವೇ ಬಂಡವಾಳ ಹಾಕಬೇಕಿತ್ತು ಅನ್ನಿಸಿತು. ಅದಕ್ಕೇ 1992ರಲ್ಲಿ ಪ್ಯಾರಿಸ್ ಹತ್ತಿರ ಯೂರೋ ಡಿಸ್ನಿ ತೆರೆದಾಗ ತಾವೇ ದೊಡ್ಡ ಪಾಲು ಇಟ್ಟುಕೊಂಡರು. ಆಗಿದ್ದೇನು? ಅಂದುಕೊಂಡಷ್ಟು ಜನ ಬರಲಿಲ್ಲ, ಬಂದವರು ಅಂದುಕೊಂಡಷ್ಟು ಖರ್ಚು ಮಾಡಲಿಲ್ಲ. ಊಟಕ್ಕೆ ವೈನು ಇಲ್ಲದೆ ಕೂರದ ಫ್ರೆಂಚರಿಗೆ ಪಾರ್ಕಿನೊಳಗೆ ವೈನಿಲ್ಲ ಅಂದಿದ್ದರು. 1993ರಲ್ಲಿ ಆ ನಿಯಮ ಸಡಿಲಿಸಬೇಕಾಯಿತು. 1994ರಲ್ಲಿ ಸಾಲವನ್ನೆಲ್ಲ ಹೊಸದಾಗಿ ಹೊಂದಿಸಿಕೊಂಡು ಬದುಕಿತು. ಅದೇ ಮಿಕ್ಕಿ, ಅದೇ ಕೋಟೆ. ಒಂದು ಊರಲ್ಲಿ ಗೆದ್ದಿತು, ಇನ್ನೊಂದು ಊರಲ್ಲಿ ಏದುಸಿರು ಬಿಟ್ಟಿತು. ಹೆಸರಿನ ಜೊತೆಗೆ ಊರೂ ಒಪ್ಪಬೇಕು.

ನಮ್ಮ ದೇಶಕ್ಕೆ ಬರೋಣ. ದೆಹಲಿಯ ಅಪ್ಪೂ ಘರ್ ನೆನಪಿದೆಯೇ? 1982ರ ಏಷ್ಯನ್ ಕ್ರೀಡಾಕೂಟದ ಲಾಂಛನ ಅಪ್ಪು ಎಂಬ ಆನೆಮರಿ. ಆ ಹೆಸರಲ್ಲೇ 1984ರಲ್ಲಿ ಪ್ರಗತಿ ಮೈದಾನದಲ್ಲಿ ಪಾರ್ಕು ತೆರೆದರು. ನಮ್ಮ ಕಡೆಯಿಂದ ದೆಹಲಿ ಪ್ರವಾಸಕ್ಕೆ ಹೋದವರು ಕುತುಬ್ ಮಿನಾರಿನ ಜೊತೆಗೆ ಅದನ್ನೂ ನೋಡಿಕೊಂಡು ಬರುತ್ತಿದ್ದರು. 2008ರಲ್ಲಿ ಜಾಗದ ತಕರಾರಿನಿಂದ ಮುಚ್ಚಿತು. ಅಷ್ಟರಲ್ಲಿ ಅಪ್ಪು ಯಾವ ಕ್ರೀಡಾಕೂಟದ ಆನೆ ಅಂತ ಅಲ್ಲಿ ಆಡುವ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಅವರಿಗೆ ಅದು ಬರೀ ಆಟದ ಜಾಗ. ಹೆಸರಿನ ಅರ್ಥ ಮರೆತ ಮೇಲೂ ಜಾಗ ನಡೆಯಿತು.

ನಮ್ಮ ರಾಜ್ಯದ ಪಾಠ ಇರುವುದು ಬಿಡದಿಯಲ್ಲಿ. ಒಂದೇ ಮೈಸೂರು ರಸ್ತೆ, ಒಂದೇ ಆಸುಪಾಸು, ಎರಡು ಪಾರ್ಕು. 2005ರಲ್ಲಿ ವಂಡರ್‌ಲಾ ಬಂತು. ಅದರ ಹಿಂದಿದ್ದವರು ವಿ-ಗಾರ್ಡ್ ಸ್ಟೆಬಿಲೈಸರಿನ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ. 2000ದಲ್ಲಿ ಕೊಚ್ಚಿಯಲ್ಲಿ 'ವೀಗಾಲ್ಯಾಂಡ್' ಮಾಡಿ ಕೈ ಪಳಗಿಸಿಕೊಂಡಿದ್ದರು. ವಿ-ಗಾರ್ಡಿನಿಂದ ವೀಗಾ, ಅಂದರೆ ಅದೂ ಒಂದು ಬ್ರಾಂಡೇ, ಆದರೆ ಯಾರಿಗೂ ರಾಯಲ್ಟಿ ಕಟ್ಟಬೇಕಿಲ್ಲದ ಮನೆಯ ಬ್ರಾಂಡು. ವಂಡರ್‌ಲಾಕ್ಕೆ ವಿದೇಶಿ ಗೊಂಬೆಯಿಲ್ಲ, ಸಿನಿಮಾ ಇಲ್ಲ. ನೀರಾಟ, ಎತ್ತರದ ಆಟ, ಕೆಲವು ಆಟ ತಾವೇ ತಯಾರಿಸಿಕೊಂಡದ್ದು, ಶಾಲಾ ಮಕ್ಕಳಿಗೆ ರಿಯಾಯಿತಿ. 2022-23ರಲ್ಲಿ ಬೆಂಗಳೂರು, ಕೊಚ್ಚಿ, ಹೈದರಾಬಾದ್ ಮೂರೂ ಸೇರಿ ಬಂದವರು 30 ಲಕ್ಷ ದಾಟಿದ್ದರು.

2008ರ ಹೊತ್ತಿಗೆ ಅಲ್ಲೇ ಇನೋವೇಟಿವ್ ಫಿಲಂ ಸಿಟಿ ಶುರುವಾಯಿತು. ಅದು ಹೊರಗಿನ ಹೆಸರುಗಳನ್ನು ತಂದಿತ್ತು: ರಿಪ್ಲೀಸ್ 'ಬಿಲೀವ್ ಇಟ್ ಆರ್ ನಾಟ್' ಮ್ಯೂಸಿಯಂ, ಲೂಯಿ ಟುಸ್ಸಾಡ್ಸ್ ಮೇಣದ ಗೊಂಬೆಗಳು. (ಲಂಡನ್ನಿನ ಮೇಡಂ ಟುಸ್ಸಾಡ್ಸ್ ಬೇರೆ, ಇದು ಬೇರೆ. ಲೂಯಿ ಆಕೆಯ ಮರಿಮೊಮ್ಮಗ. ಹೆಸರಿಗೂ ಎಷ್ಟು ಕವಲು ನೋಡಿ!) 2015ರಿಂದ ಕನ್ನಡ ಬಿಗ್ ಬಾಸ್ ಮನೆ ಅಲ್ಲಿಗೆ ಬಂತು. 2018ರಲ್ಲಿ ಆ ಸೆಟ್ಟಿಗೆ ಬೆಂಕಿ ಬಿತ್ತು. ಆ ಜಾಗವೇ ಮುಂದೆ ಜಾಲಿವುಡ್ ಆಯಿತು. 2025ರ ಅಕ್ಟೋಬರಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಿಂದ ಬೀಗ ಬಿದ್ದು, ಬಿಗ್ ಬಾಸ್ ಸ್ಪರ್ಧಿಗಳನ್ನು ಹೊರಗೆ ಕರೆದೊಯ್ದು, ಕೆಲವೇ ದಿನದಲ್ಲಿ ಮತ್ತೆ ತೆರೆದದ್ದು ಪೇಪರಿನಲ್ಲಿ ಓದಿರುತ್ತೀರಿ. ಒಂದು ಜಾಗದ ಮೇಲೆ ಎಷ್ಟು ಹೆಸರು ಹಾದುಹೋದವು!

ನಾನು ಎರಡನ್ನೂ ನೋಡಿದ್ದೇನೆ. ಮೇಣದ ಗೊಂಬೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡಾಗ ಖುಷಿಯಾಗಿತ್ತು. ಆದರೆ ಒಂದು ಸಲ ತೆಗೆಸಿಕೊಂಡ ಫೋಟೋವನ್ನು ಇನ್ನೊಂದು ಸಲ ತೆಗೆಸಿಕೊಳ್ಳಲು ಹಾಸನದಿಂದ ಯಾರು ಹೋಗುತ್ತಾರೆ? ನೀರಿಗೆ ಜಾರುವುದು ಹಾಗಲ್ಲ. ಮೊದಲ ಸಲ ಹೆದರಿ ಹತ್ತದ ಆಟಕ್ಕೆ ಎರಡನೇ ಸಲ ಹತ್ತಬೇಕು ಅನ್ನಿಸುತ್ತದೆ. ನೋಡುವುದು ಮುಗಿಯುತ್ತದೆ, ಆಡುವುದು ಮುಗಿಯುವುದಿಲ್ಲ.

ಹಾಗಂತ ಹೆಸರಿಲ್ಲದೆ ಗೆದ್ದೇ ಗೆಲ್ಲುತ್ತೇವೆ ಅಂತಲೂ ಇಲ್ಲ. ಮುಂಬೈ ಪುಣೆ ನಡುವೆ ಖೋಪೋಲಿಯಲ್ಲಿ 2013ರಲ್ಲಿ ತೆರೆದ ಇಮ್ಯಾಜಿಕಾ ಪಾರ್ಕಿನಲ್ಲಿ 'ಮಿಸ್ಟರ್ ಇಂಡಿಯಾ' ಸಿನಿಮಾದ ಆಟ ಇತ್ತು, ಒಳ್ಳೊಳ್ಳೆ ರೋಲರ್ ಕೋಸ್ಟರುಗಳಿದ್ದವು. ಆದರೂ ಸಾಲದ ಹೊರೆ ತಡೆಯಲಾಗದೆ 2022ರಲ್ಲಿ ಮಾಲ್ಪಾನಿ ಗ್ರೂಪಿನ ಕೈ ಸೇರಿತು. ಜನ ಬಂದರೂ ಬಡ್ಡಿಗೆ ಸಾಲದಷ್ಟು ಬಂದರೆ ಏನು ಪ್ರಯೋಜನ? ಬಾಗಿಲಲ್ಲಿ ಸಾಲು ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಆ ಸಾಲು ಈ ಸಾಲವನ್ನು ತೀರಿಸುತ್ತದೆಯೇ ಅನ್ನುವುದು ಮುಖ್ಯ.

ಇನ್ನೊಂದು ವಿಷಯ. ಜನ ಬಂದದ್ದು ಹೆಸರಿಗೋ, ಬಸ್ಸಿಗೋ? ನಮ್ಮ ಜಿಲ್ಲೆಯಲ್ಲೇ ನೋಡಿ. (ದೇವರನ್ನೂ ಪಾರ್ಕನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ, ತಪ್ಪು ತಿಳಿಯಬೇಡಿ. ಜನ ಹೇಗೆ ಸೇರುತ್ತಾರೆ ಅನ್ನುವುದಷ್ಟೇ ನನ್ನ ಮಾತು.) ಶ್ರವಣಬೆಳಗೊಳದ ಗೊಮ್ಮಟ ಸಾವಿರ ವರ್ಷದಿಂದ ಅಲ್ಲೇ ನಿಂತಿದ್ದಾನೆ. 1981, 1993, 2006, 2018ರ ಮಹಾಮಸ್ತಕಾಭಿಷೇಕಗಳಿಗೆ ದೇಶದ ಮೂಲೆಮೂಲೆಯಿಂದ ಜನ ಬಂದರು. ಅಭಿಷೇಕ ಮುಗಿದ ಮೇಲೆ ಆ ಜನಸಾಗರ ಕರಗುತ್ತದೆ. ಆದರೆ 2017ರಲ್ಲಿ ಶ್ರವಣಬೆಳಗೊಳದ ಮೇಲೆ ಹಾದು ಶುರುವಾದ ಬೆಂಗಳೂರು-ಹಾಸನ ರೈಲು ಉಳಿಯಿತು. ಅದು ದಿನಾ ಜನ ತರುತ್ತದೆ. ಹಾಗೆಯೇ ಹಾಸನಾಂಬೆ. ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸು ಕೆಲವು ದಿನ ಮಾತ್ರ ಬಾಗಿಲು ತೆರೆಯುವ ಗುಡಿ. ಈಚಿನ ವರ್ಷಗಳಲ್ಲಿ ದರ್ಶನಕ್ಕೆ ಬಂದವರು ಇಪ್ಪತ್ತು ಲಕ್ಷ ದಾಟಿದ್ದಾರೆ. ತಾಯಿಯ ಹೆಸರು ಮೊದಲೂ ಇತ್ತು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ ಆಯಿತು, ಫೋನಿನಲ್ಲಿ ವಿಡಿಯೋ ಹರಿದಾಡಿತು. ಹೆಸರು ಕರೆಯುತ್ತದೆ ನಿಜ, ಕರೆತರುವುದು ಬಸ್ಸು.

ಇಷ್ಟೆಲ್ಲ ಓದಿಕೊಂಡು ಮತ್ತೆ ಹೊಳೆನರಸೀಪುರಕ್ಕೆ ಹೋದೆ. ಮಾವನ ಮಗನ ಜೊತೆ ಕೂತು ಹಾಳೆ ಮೇಲೆ ಲೆಕ್ಕ ಹಾಕಿದೆವು. ಬಾಡಿಗೆ ಒಂದೂವರೆ ಲಕ್ಷ, ಸಂಬಳ ಒಂದು ಲಕ್ಷ, ಕರೆಂಟು ರಿಪೇರಿ ಐವತ್ತು ಸಾವಿರ, ಸಾಲದ ಕಂತು ಲಕ್ಷದ ಹತ್ತಿರ. ತಿಂಗಳಿಗೆ 4 ಲಕ್ಷ. ಟಿಕೆಟು 300 ರೂಪಾಯಿ, ಅದರಲ್ಲಿ ಹೆಸರಿನವರಿಗೆ ನೂರಕ್ಕೆ ಎಂಟು ಕೊಟ್ಟರೆ ಉಳಿಯುವುದು 276. ಜಿ.ಎಸ್.ಟಿ. ಬದಿಗಿಟ್ಟರೂ ತಿಂಗಳಿಗೆ ಸುಮಾರು 1,450 ಮಕ್ಕಳು ಬಂದರೆ ಅಸಲಿಗೆ ಅಸಲು. ವಾರದ ದಿನ ಸಂಜೆ ಮಕ್ಕಳೆಲ್ಲ ಟ್ಯೂಷನ್ನಿನಲ್ಲಿ, ಹದಿನೈದು ಜನ ಬಂದರೆ ಪುಣ್ಯ. ಅಂದರೆ ಒಂದೊಂದು ಶನಿವಾರ, ಒಂದೊಂದು ಭಾನುವಾರ 140 ಮಕ್ಕಳು ಬರಬೇಕು, ವರ್ಷಪೂರ್ತಿ, ಐದು ವರ್ಷ.

"ಬಂದವರೇ ಮತ್ತೆ ಬಂದ್ರೆ ಆಗುತ್ತೆ ಭಾವ" ಅಂದ.

"ಅದನ್ನೇ ಅಮ್ಮ ಕೇಳಿದ್ದು ಕಣೋ" ಅಂದೆ.

ಜಗಳ ಆಡಲಿಲ್ಲ. ಹುಡುಗ ಬುದ್ಧಿವಂತ. ಮುಂದಿನ ಶನಿವಾರ ಮಗಳನ್ನು ಕರೆದುಕೊಂಡು, ಅದೇ ಕಂಪನಿಯ ಪಾರ್ಕು ಇರುವ ಬೇರೊಂದು ಊರಿಗೆ ಹೋದ. ಮಗಳನ್ನು ಒಳಗೆ ಬಿಟ್ಟು ತಾನು ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತ. ಬಂದ ಅಪ್ಪ ಅಮ್ಮಂದಿರನ್ನೆಲ್ಲ ಮಾತಿಗೆಳೆದು "ಮುಂಚೆ ಬಂದಿದ್ರಾ?" ಅಂತ ಕೇಳಿದ. ಸಂಜೆತನಕ ಬಂದ ಮಕ್ಕಳು 31. ಹಿಂದೆ ಬಂದಿದ್ದವರು 4. ರಾತ್ರಿ ಫೋನ್ ಮಾಡಿ ಇಷ್ಟೇ ಹೇಳಿದ. ಒಂದು ದಿನದ ಲೆಕ್ಕದಿಂದ ಪ್ರಪಂಚ ತೀರ್ಮಾನ ಆಗುವುದಿಲ್ಲ ಅಂತ ನಾನೇ ಅಂದೆ. "ತೋಟ ತೀರ್ಮಾನ ಆಗುತ್ತೆ ಭಾವ" ಅಂದ.

ಕಾಗದಕ್ಕೆ ಸಹಿ ಹಾಕಿಲ್ಲ. ಆಸೆಯನ್ನೂ ಬಿಟ್ಟಿಲ್ಲ. ಹೆಸರಿಗೆ ಕೊಡುವ ದುಡ್ಡು ಉಳಿಸಿ, ಸಣ್ಣ ಜಾಗದಲ್ಲಿ, ಮಕ್ಕಳು ಮತ್ತೆ ಮತ್ತೆ ಹತ್ತಿ ಇಳಿಯುವ ನಾಲ್ಕೇ ಆಟ ಇಟ್ಟು ನೋಡುತ್ತಾನಂತೆ. ಗೆಲ್ಲುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಸೋತರೂ ತೆಂಗಿನಕಾಯಿ ಬೀಳುವುದು ಅತ್ತೆಯ ನೆಲಕ್ಕೇ.

ಹೊರಡುವಾಗ ಮಾವ ಹಿತ್ತಲಿಗೆ ಕರೆದುಕೊಂಡು ಹೋದರು. ಮೂಲೆಯಲ್ಲಿ ಆ ತಗಡು ಒರಗಿಸಿಟ್ಟಿದೆ. ಬಣ್ಣ ಸುಲಿದು ಮಿಕ್ಕಿಗೆ ಈಗ ಒಂದೇ ಕಿವಿ. "ಕುದುರೆಗೆ ಹೊಸಾ ಬಣ್ಣ ಹೊಡಿಸ್ಬೇಕು ಕಣ್ಲಾ, ಷಷ್ಠಿ ಹತ್ರ ಬಂತು" ಅಂದರು. ತಗಡಿನ ಮೇಲೆ ಏನು ಬರೆಸ್ತೀರಿ ಮಾವ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಏನೂ ಬ್ಯಾಡ. ಕುದುರೆ ಕಾಣೋ ಹಂಗಿದ್ರೆ ಸಾಕು" ಅಂದರು.

ನಿಮ್ಮೂರ ಜಾತ್ರೆಯಲ್ಲಿ ನೀವು ಎರಡನೇ ಸಲ, ಮೂರನೇ ಸಲ ಅಳುತ್ತಾ ಹಟ ಮಾಡಿ ಹತ್ತಿದ ಆಟ ಯಾವುದು? ಅದರ ಮೇಲೆ ಯಾರ ಚಿತ್ರ ಇತ್ತು ಅಂತ ನೆನಪಿದೆಯೇ? ಬರೆಯಿರಿ, ಮಾವನ ಮಗನಿಗೆ ಓದಿ ಹೇಳುತ್ತೇನೆ.